ವೇಷ ಹಾಕಿದ್ದು ಯಾವಾಗ? ವೇದಿಕೆ ಮೇಲಿನ ಟ್ರಾನ್ಸ್‌ಜೆಂಡರ್ ಸಂಗೀತಗಾರರ ಕಥೆ

ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಹೋಟೆಲ್ ಕೋಣೆ. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾ ಜೊತೆ ಕಾರ್ಯಕ್ರಮ. ನುಡಿಸಬೇಕಾದ ವೆಂಡಿ ಕಾರ್ಲೋಸ್ ಕೋಣೆಯಲ್ಲಿ ಕೂತು ಅಳುತ್ತಿದ್ದಾರೆ. ಹೊರಡುವ ಹೊತ್ತು ಮೀರುತ್ತಿದೆ. ಕೊನೆಗೆ ಎದ್ದು ಕನ್ನಡಿ ಮುಂದೆ ನಿಲ್ಲುತ್ತಾರೆ. ತಲೆಗೆ ಗಂಡಸರ ವಿಗ್, ಕಿವಿ ಪಕ್ಕಕ್ಕೆ ಅಂಟಿಸುವ ಸೈಡ್‌ಬರ್ನ್. ಹುಬ್ಬು ತೀಡುವ ಪೆನ್ಸಿಲ್ ತಗೊಂಡು ಗಲ್ಲದ ಮೇಲೆ ಸಣ್ಣ ಸಣ್ಣ ಚುಕ್ಕೆ, ಗೆರೆ. ಬೆಳಗ್ಗೆ ಬೋಳಿಸಿದ ಗಡ್ಡ ಸಂಜೆಗೆ ಚಿಗುರಿದ ಹಾಗೆ ಕಾಣಬೇಕು.

ಕಾರ್ಲೋಸ್ ಆಗ ಹೆಸರುವಾಸಿ. 1968ರಲ್ಲಿ ಜರ್ಮನಿಯ ಹಳೆಯ ಸಂಗೀತಗಾರ ಬಾಕ್‌ನ ಕೃತಿಗಳನ್ನು ಮೂಗ್ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ನುಡಿಸಿ ತಂದ ಆಲ್ಬಮ್‌ಗೆ ಮೂರು ಗ್ರ್ಯಾಮಿ ಬಂದಿದ್ದವು. ಆದರೆ ಆಲ್ಬಮ್ ಮೇಲೆ ಇದ್ದದ್ದು ಗಂಡಸಿನ ಹೆಸರು. ಮನೆಯಲ್ಲಿ, ಆಪ್ತರ ನಡುವೆ ಅವರು ಆಗಲೇ ಹೆಣ್ಣಾಗಿ ಬದುಕುತ್ತಿದ್ದರು. ವೇದಿಕೆಗೆ ಹೋಗಬೇಕು ಅಂದರೆ ಮಾತ್ರ ಗಂಡಸಿನ ವೇಷ ಹಾಕಬೇಕಿತ್ತು. ಡಿಕ್ ಕ್ಯಾವೆಟ್ ಅವರ ಟಿವಿ ಕಾರ್ಯಕ್ರಮಕ್ಕೆ ಹೋದಾಗಲೂ ಇದೇ ಕಥೆ.

ಈ ಲೇಖನ ಇಲ್ಲಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. 'ಟ್ರಾನ್ಸ್‌ಜೆಂಡರ್ ಕಲಾವಿದೆ' ಅಂದ ಕೂಡಲೇ ಬಹಳ ಜನರ ತಲೆಗೆ ಬರುವುದು ವೇಷ: ಸೀರೆ ಉಟ್ಟು, ಬಳೆ ತೊಟ್ಟು ಹೆಣ್ಣಿನ ಹಾಗೆ ಕಾಣಿಸಿಕೊಳ್ಳುವುದು. ಕಾರ್ಲೋಸ್ ವಿಷಯದಲ್ಲಿ ಅದು ತಿರುಗುಮುರುಗು. ಗಂಡಸಿನ ರೂಪವೇ ವೇಷ. ಈ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದು ಅರ್ಥವಾಗುವುದು ಸುಲಭ.

ನಮಗೆ ಈ ಗೊಂದಲ ಆಗುವುದೂ ಸಹಜವೇ. ನಮ್ಮ ರಂಗಭೂಮಿಯೇ ಹಾಗಿದೆ. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಹಾಕುವುದನ್ನು ಊರಿಡೀ ಕೂತು ನೋಡಿದ್ದೇವೆ. ಸ್ತ್ರೀವೇಷಕ್ಕೆಂದೇ ಹೆಸರಾದ ಕಲಾವಿದರಿದ್ದಾರೆ. ಇನ್ನೊಂದು ಕಡೆ ಆರ್. ನಾಗರತ್ನಮ್ಮ. 1958ರಲ್ಲಿ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ, ಮೀಸೆ ಅಂಟಿಸಿಕೊಂಡು, ಕಂಸನಾಗಿ ಗುಡುಗಿದವರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಟ ಮುಗಿದ ಮೇಲೆ ಇವರೆಲ್ಲ ಚೌಕಿಗೋ ಮೇಕಪ್ ಕೋಣೆಗೋ ಹೋಗಿ, ಎಣ್ಣೆ ಹಚ್ಚಿ ಬಣ್ಣ ತೆಗೆದು, ತಮ್ಮ ಮುಖ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಅದು ಪಾತ್ರ. ಪಾತ್ರ ಎಷ್ಟೇ ಚೆನ್ನಾಗಿದ್ದರೂ ಬೆಳಗಿನ ಜಾವಕ್ಕೆ ಮುಗಿಯುತ್ತದೆ.

ಲಿಂಗತ್ವದ ಗುರುತು ಹಾಗಲ್ಲ. ಹುಟ್ಟಿದಾಗ ಸೂಲಗಿತ್ತಿಯೋ ಡಾಕ್ಟರೋ 'ಗಂಡು' ಅಂದಿರಬಹುದು. ಬೆಳೆಯುತ್ತ ಆ ವ್ಯಕ್ತಿಗೆ ಒಳಗಿನಿಂದ 'ನಾನು ಹೆಣ್ಣು' ಅನ್ನುವುದು ಗಟ್ಟಿಯಾಗುತ್ತದೆ. ಅವರು ಟ್ರಾನ್ಸ್ ಮಹಿಳೆ. ಉಲ್ಟಾ ಆದರೆ ಟ್ರಾನ್ಸ್ ಪುರುಷ. ಎರಡೂ ಅಲ್ಲ ಎನ್ನುವವರೂ ಇದ್ದಾರೆ. ಆಪರೇಷನ್ ಆಗಿದೆಯಾ, ಔಷಧಿ ತಗೊಳ್ತಾರಾ ಅನ್ನುವುದು ಬೇರೆ ಪ್ರಶ್ನೆ, ಮತ್ತು ಸಾಮಾನ್ಯವಾಗಿ ನಮಗೆ ಸಂಬಂಧವಿಲ್ಲದ ಪ್ರಶ್ನೆ. 2014ರಲ್ಲಿ ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿದ್ದೂ ಇದನ್ನೇ: ತನ್ನ ಲಿಂಗತ್ವ ಯಾವುದು ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದು, ಅದಕ್ಕೆ ಆಪರೇಷನ್ನು ಮಾಡಿಸಿಕೊಂಡೇ ಬಾ ಎಂದು ಷರತ್ತು ಹಾಕುವಂತಿಲ್ಲ.

ಸರಿ, ಸಂಗೀತಕ್ಕೆ ಬರೋಣ. ಲೇಖಕರಿಗೂ ಚಿತ್ರ ಬರೆಯುವವರಿಗೂ ಇಲ್ಲದ ಒಂದು ಕಷ್ಟ ಸಂಗೀತಗಾರರಿಗೆ ಇದೆ. ಅವರು ಮೈಯನ್ನು ಜೊತೆಗೆ ತಗೊಂಡು ಬರಬೇಕು. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವಾಗ ಮುಖ ಯಾರಿಗೂ ಕಾಣುವುದಿಲ್ಲ. ಕಾರ್ಲೋಸ್ ನುಡಿಸುತ್ತಿದ್ದ ಮೂಗ್ ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುತ್ತಿತ್ತು. ಒಂದೊಂದು ಸಾಲನ್ನೂ ಬೇರೆ ಬೇರೆ ನುಡಿಸಿ, ಟೇಪಿನ ಮೇಲೆ ಒಂದರ ಮೇಲೊಂದು ಜೋಡಿಸಿ ಬಾಕ್‌ನನ್ನು ಕಟ್ಟಬೇಕಿತ್ತು. ವಾರಗಟ್ಟಲೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಅದು ಅವರಿಗೆ ಒಗ್ಗಿತ್ತು ಅಂದರೆ ಆಶ್ಚರ್ಯವಿಲ್ಲ. ವೇದಿಕೆಯಲ್ಲಿ ಹಾಗಾಗುವುದಿಲ್ಲ. ಹೆಸರು ಕೂಗುತ್ತಾರೆ, ದೀಪ ಮುಖಕ್ಕೆ ಬೀಳುತ್ತದೆ, ಬಟ್ಟೆ ಕಾಣುತ್ತದೆ, ದನಿ ಕೇಳುತ್ತದೆ. ಜನ ಇವೆಲ್ಲವನ್ನೂ ಒಂದೇ ಏಟಿಗೆ ಓದುತ್ತಾರೆ, ಓದಿ ತೀರ್ಮಾನ ಮಾಡಿಬಿಡುತ್ತಾರೆ.

ಕಾರ್ಲೋಸ್ ಬಹುಕಾಲ ಜನರ ಕಣ್ಣಿಂದ ದೂರ ಉಳಿದರು. 1979ರಲ್ಲಿ ಒಂದು ಪತ್ರಿಕೆಯ ಸಂದರ್ಶನದಲ್ಲಿ ಎಲ್ಲ ಹೇಳಿಕೊಂಡರು. ಆಮೇಲೆ ಜನ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ, ಇಷ್ಟು ವರ್ಷದ ನಾಟಕ ಬೇಕೇ ಇರಲಿಲ್ಲವೇನೋ ಎಂಬರ್ಥದ ಮಾತನ್ನು ಅವರೇ ಆಡಿದ್ದಾರೆ. ಹತ್ತು ವರ್ಷ ವೇದಿಕೆ ಬಿಟ್ಟವರ ಬಾಯಲ್ಲಿ ಈ ಮಾತು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಬಿಲ್ಲಿ ಟಿಪ್ಟನ್ ದಾರಿಯೇ ಬೇರೆ. 1914ರಲ್ಲಿ ಹುಟ್ಟಿದ ಜಾಝ್ ಪಿಯಾನೋ ವಾದಕ. ಅಮೆರಿಕದ ಹೋಟೆಲು, ಕ್ಲಬ್ಬುಗಳಲ್ಲಿ ದಶಕಗಟ್ಟಲೆ ಗಂಡಸಾಗಿ ನುಡಿಸಿದರು, ಗಂಡಸಾಗಿಯೇ ಸಂಸಾರ ಮಾಡಿದರು, ದತ್ತು ಮಕ್ಕಳನ್ನು ಸಾಕಿದರು. ಹುಟ್ಟಿದಾಗ ಅವರನ್ನು ಹೆಣ್ಣು ಎಂದು ಗುರುತಿಸಿದ್ದರು ಎನ್ನುವುದು ಲೋಕಕ್ಕೆ ಗೊತ್ತಾದದ್ದು 1989ರಲ್ಲಿ, ಅವರು ತೀರಿಕೊಂಡ ಮೇಲೆ. ಮಕ್ಕಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. 1950ರ ದಶಕದ ಕೊನೆಗೆ ಅವರ ತಂಡಕ್ಕೆ ರೀನೋ ನಗರದ ದೊಡ್ಡ ಹೋಟೆಲೊಂದರಲ್ಲಿ ಕಾಯಂ ಕೆಲಸದ ಅವಕಾಶ ಬಂತು. ಟಿಪ್ಟನ್ ಒಲ್ಲೆ ಅಂದು ಸ್ಪೋಕೇನ್ ಎಂಬ ಊರಿಗೆ ಹೋದರು. ಹೆಸರು ದೊಡ್ಡದಾದಷ್ಟೂ ನೋಡುವ ಕಣ್ಣು ಜಾಸ್ತಿ, ಅಲ್ವಾ? ಜಾಝ್ ಲೋಕದಲ್ಲಿ ಹೆಣ್ಣುಮಕ್ಕಳಿಗೆ ವಾದ್ಯ ನುಡಿಸುವ ಕೆಲಸ ಸಿಗುತ್ತಿರಲಿಲ್ಲ, ಅದಕ್ಕೇ ಪ್ಯಾಂಟು ಹಾಕಿದರು ಎಂದು ಕೆಲವರು ವಾದಿಸುತ್ತಾರೆ. ಕೆಲಸಕ್ಕಾಗಿ ಹಾಕಿದ ವೇಷವಾದರೆ ಮನೆಗೆ ಬಂದ ಮೇಲೆ ತೆಗೆಯಬೇಕಿತ್ತು. ಅವರು ತೆಗೆಯಲಿಲ್ಲ. ನನಗೆ ಅದೇ ಸಾಕು.

ಈಗ ದನಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ.

ನಮ್ಮ ಗಂಟಲಲ್ಲಿ ಎರಡು ಸಣ್ಣ ಮಡಿಕೆಗಳಿವೆ. ಧ್ವನಿತಂತುಗಳು ಅಂತೀವಲ್ಲ, ಅವೇ. ಉಸಿರು ಹಾಯುವಾಗ ಅವು ಅದುರುತ್ತವೆ. ವೀಣೆಯ ತಂತಿಯ ಲೆಕ್ಕವೇ ಇಲ್ಲೂ: ಉದ್ದ, ದಪ್ಪ ಇದ್ದರೆ ತಗ್ಗು ಸ್ವರ, ಗಿಡ್ಡ, ತೆಳು ಇದ್ದರೆ ಏರು ಸ್ವರ. ಚಿಕ್ಕ ಮಕ್ಕಳಲ್ಲಿ ಗಂಡು ಹೆಣ್ಣಿನ ದನಿಗೆ ಹೆಚ್ಚು ವ್ಯತ್ಯಾಸವಿಲ್ಲ. ಹುಡುಗರಿಗೆ ಹದಿಮೂರು ಹದಿನಾಲ್ಕರ ಹೊತ್ತಿಗೆ ಟೆಸ್ಟೋಸ್ಟಿರಾನ್ ಹಾರ್ಮೋನು ಏರಿದಾಗ ಗಂಟಲ ಪೆಟ್ಟಿಗೆ ದೊಡ್ಡದಾಗುತ್ತದೆ, ತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಒಡೆಯಿತು ಅನ್ನುವುದು ಇದಕ್ಕೇ. ದೊಡ್ಡವರಾದ ಮೇಲೆ ಗಂಡಸರ ಮಾತಿನ ದನಿ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 150 ಕಂಪನಗಳ ಆಸುಪಾಸಿನಲ್ಲಿ ಇರುತ್ತದೆ, ಹೆಂಗಸರದ್ದು 180ರಿಂದ 230ರ ಆಸುಪಾಸಿನಲ್ಲಿ.

ಈ ಬದಲಾವಣೆ ಒನ್‌ವೇ ರಸ್ತೆ. ಒಂದು ಸಲ ದಪ್ಪವಾದ ತಂತು ಮತ್ತೆ ತೆಳುವಾಗುವುದಿಲ್ಲ. ಹಾಗಾಗಿ ದನಿ ಒಡೆದ ಮೇಲೆ ಟ್ರಾನ್ಸ್ ಮಹಿಳೆಯೊಬ್ಬರು ಈಸ್ಟ್ರೋಜೆನ್ ತಗೊಂಡರೆ ಚರ್ಮ ಬದಲಾಗಬಹುದು, ಮೈಯ ಆಕಾರ ಬದಲಾಗಬಹುದು. ದನಿ ಏರುವುದಿಲ್ಲ. ಅದನ್ನು ಹೆಚ್ಚಾಗಿ ಸಾಧನೆಯಿಂದಲೇ ತರಬೇಕು. ಅದರಲ್ಲೂ ಬರೀ ಸ್ವರ ಏರಿಸಿದರೆ ಸಾಲದು, ಹಾಗೆ ಮಾಡಿದರೆ ಗಂಡಸು ಕೀರಲು ದನಿಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಬಾಯಿ, ಗಂಟಲಿನ ಟೊಳ್ಳಿನಲ್ಲಿ ದನಿ ಹೇಗೆ ಮೊಳಗುತ್ತದೆ ಎನ್ನುವುದನ್ನೂ ಬದಲಾಯಿಸಬೇಕು. ಮಾತಿಗೆ ಇದನ್ನು ಕಲಿಯುವುದೇ ತಿಂಗಳುಗಳ ಕೆಲಸ. ಹಾಡಿಗೆ ಇನ್ನೂ ಕಷ್ಟ. ಎರಡು ಗಂಟೆ ಕಛೇರಿಯಲ್ಲಿ ತಾರಸ್ಥಾಯಿಗೆ ಹೋಗಿ ಬಂದು ಮಾಡುವಾಗ ಕಲಿತದ್ದು ಜಾರಿ, ಹಳೆಯ ದನಿ ಹೊರಗೆ ಬಂದುಬಿಡುತ್ತದೆ.

ಟ್ರಾನ್ಸ್ ಪುರುಷರದ್ದು ಬೇರೆ ಕಥೆ. ಅವರು ಟೆಸ್ಟೋಸ್ಟಿರಾನ್ ಶುರು ಮಾಡಿದರೆ ಕೆಲವು ತಿಂಗಳಲ್ಲೇ ದನಿ ಇಳಿಯುತ್ತದೆ. ಮಾತಿಗೆ ಖುಷಿ, ಹಾಡಿಗೆ ಫಜೀತಿ. ನಿನ್ನೆ ಸಿಕ್ಕ ಸ್ವರ ಇವತ್ತು ಸಿಗುವುದಿಲ್ಲ. ಹದಿನಾಲ್ಕರ ಹುಡುಗನ ಹಾಗೆ ಮಧ್ಯೆ ಬಿರುಕು. ವರ್ಷಗಟ್ಟಲೆ ಸೋಪ್ರಾನೋ (ಅತಿ ಏರು ಸ್ಥಾಯಿಯ ಹೆಣ್ಣುದನಿ) ಆಗಿ ಹಾಡಿದವರು ಆ ಸ್ಥಾಯಿಯನ್ನೇ ಬಿಟ್ಟುಕೊಡಬೇಕು, ಮತ್ತೆ ಸಿಗುವುದೂ ಇಲ್ಲ. ಆದ್ದರಿಂದ ಹಾಡುಗಾರಿಕೆಯೇ ಬದುಕಾದವರಲ್ಲಿ ಕೆಲವರು ಔಷಧಿಯನ್ನೇ ಮುಂದೂಡುತ್ತಾರೆ. ದನಿ ಉಳಿಸಿಕೊಳ್ಳಲೋ, ಮೈ ಬದಲಾಯಿಸಿಕೊಳ್ಳಲೋ? ಇಂಥ ಲೆಕ್ಕಾಚಾರ ಪಿಟೀಲು ನುಡಿಸುವವರಿಗೆ ಇಲ್ಲ.

ನಮ್ಮ ಸಂಗೀತದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಗಂಡಸರು ಹಾಡುವುದು ಬಿಳಿ ಒಂದು, ಕಪ್ಪು ಒಂದರ ಆಸುಪಾಸು. ಹೆಂಗಸರು ಬಿಳಿ ಐದರ ಆಸುಪಾಸು. 'ಯಾವ ಶ್ರುತಿ?' ಎಂದು ಕೇಳಿದರೆ ಸಾಕು, ಉತ್ತರ ಕೇಳಿದವರು ಮುಖ ನೋಡದೆ ಗಂಡೋ ಹೆಣ್ಣೋ ಹೇಳಿಬಿಡುತ್ತಾರೆ. ತಂಬೂರಿಯಲ್ಲೂ ಭೇದ ಇದೆ. ಹಿಂದೂಸ್ತಾನಿಯವರಲ್ಲಿ ಗಂಡಸರ ತಂಬೂರಿ ದೊಡ್ಡದು, ಹೆಂಗಸರದ್ದು ಚಿಕ್ಕದು. ಮಿರಜ್‌ಗೆ ಹೋಗಿ ತಂಬೂರಿ ಕೇಳಿದರೆ ಮೊದಲ ಪ್ರಶ್ನೆಯೇ 'ಯಾರಿಗೆ?'. ಪಾಪ, ಸೋರೆ ಬುರುಡೆಗೂ ಲಿಂಗ ಅಂಟಿಸಿದ್ದೇವೆ. ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ಈ ತಾಪತ್ರಯ ಕಡಿಮೆ. ಗುಂಡಿ ತಿರುಗಿಸಿದರೆ ಆಯ್ತು.

ಹಾಗಂತ ದನಿಯೇ ಲಿಂಗ ಅಂದುಕೊಂಡರೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರನ್ನು ಏನೆನ್ನುತ್ತೀರಿ? ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಭಾರವಾಯಿತು. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಗಂಡಸರು ಹಾಡುತ್ತಿದ್ದಾರೆ ಎಂದುಕೊಳ್ಳುವಷ್ಟು. ಅವರು ಟ್ರಾನ್ಸ್‌ಜೆಂಡರ್ ಅಲ್ಲ. ಆ ದನಿಯನ್ನು ಮುಚ್ಚಿಡಲಿಲ್ಲ, ಏರಿಸಲು ಒದ್ದಾಡಲೂ ಇಲ್ಲ. ಅದರಲ್ಲೇ ಕಿರಾನಾ ಘರಾಣೆಯ ಗಾಯಕಿಯಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಡಿದರು. ಹಣೆಯಲ್ಲಿ ಕುಂಕುಮ, ಮೈಮೇಲೆ ಇಳಕಲ್ ಸೀರೆ, ಗಂಟಲಲ್ಲಿ ಗುಡುಗು. ಕೇಳುಗರು ಎರಡೂ ಒಟ್ಟಿಗೆ ಇರಬಹುದು ಎಂದು ಒಪ್ಪಿಕೊಂಡರು. ನಾಲ್ಕು ಆಲಾಪ ಕೇಳುವಷ್ಟರಲ್ಲಿ ಆ ಪ್ರಶ್ನೆಯೇ ಮರೆತುಹೋಗುತ್ತಿತ್ತು.

ಪಾಶ್ಚಾತ್ಯ ಒಪೆರಾದಲ್ಲಿ ಲೂಸಿಯಾ ಲ್ಯೂಕಸ್ ಮಾಡಿದ್ದು ಇದನ್ನೇ. ಅವರು ಅಮೆರಿಕದ ಗಾಯಕಿ, ಟ್ರಾನ್ಸ್ ಮಹಿಳೆ, ದನಿ ಬ್ಯಾರಿಟೋನ್, ಅಂದರೆ ತಗ್ಗಿನ ಗಂಡುದನಿ. ಜರ್ಮನಿಯ ಒಂದು ಒಪೆರಾ ಮಂದಿರದಲ್ಲಿ ಕೆಲಸದಲ್ಲಿದ್ದಾಗಲೇ 2014ರಲ್ಲಿ ತಾನು ಹೆಣ್ಣು ಎಂದು ಹೇಳಿಕೊಂಡರು. ದನಿ ಬದಲಾಯಿಸುವ ಗೋಜಿಗೆ ಹೋಗಲಿಲ್ಲ. 2019ರಲ್ಲಿ ಅಮೆರಿಕದ ಟಲ್ಸಾದಲ್ಲಿ ಮೊಝಾರ್ಟ್‌ನ ಒಪೆರಾದಲ್ಲಿ ಡಾನ್ ಜೊವಾನ್ನಿ ಪಾತ್ರ ಹಾಡಿದರು. ಸಾವಿರಾರು ಹೆಂಗಸರನ್ನು ಮರುಳು ಮಾಡಿದ ಗಂಡಸಿನ ಪಾತ್ರ ಅದು. ಈಗ ನಾಗರತ್ನಮ್ಮನವರ ಕಂಸನನ್ನು ನೆನಪಿಸಿಕೊಳ್ಳಿ. ಇದೂ ಅಷ್ಟೇ: ಹೆಣ್ಣೊಬ್ಬರು ಗಂಡಿನ ವೇಷ ಹಾಕಿದ್ದಾರೆ, ಪಾತ್ರ ಮುಗಿದ ಮೇಲೆ ಕಳಚುತ್ತಾರೆ. ಕಳಚಿದಾಗ ಅಲ್ಲಿರುವುದು ಲೂಸಿಯಾ.

ರಾಕ್ ಸಂಗೀತದಲ್ಲಿ ದನಿಯ ತಕರಾರು ಕಡಿಮೆ. ಪಂಕ್ ಹಾಡುಗಾರರು ಹೇಗೂ ಕಿರುಚುತ್ತಾರೆ. ಅಲ್ಲಿ ಕಷ್ಟ ಬರುವುದು ಹಳೆಯ ಹಾಡುಗಳಿಂದ. 'ಅಗೇನ್ಸ್ಟ್ ಮಿ!' ಎಂಬ ಅಮೆರಿಕದ ಪಂಕ್ ತಂಡದ ಗಾಯಕಿ ಲಾರಾ ಜೇನ್ ಗ್ರೇಸ್ 2012ರಲ್ಲಿ ತಾನು ಟ್ರಾನ್ಸ್ ಮಹಿಳೆ ಎಂದು ಬಹಿರಂಗವಾಗಿ ಹೇಳಿದರು. ಆಗ ಅಭಿಮಾನಿಗಳು ಹಳೆಯ ಆಲ್ಬಮ್‌ಗಳನ್ನು ತೆಗೆದು ಮತ್ತೆ ಕೇಳಿದರು. 2007ರ ಒಂದು ಹಾಡಿನಲ್ಲಿ, ಆಯ್ಕೆ ನನ್ನದಾಗಿದ್ದರೆ ಹೆಣ್ಣಾಗಿ ಹುಟ್ಟುತ್ತಿದ್ದೆ ಎಂದು ನೇರವಾಗಿಯೇ ಹಾಡಿದ್ದರು. ಐದು ವರ್ಷ ಸಾವಿರಾರು ಜನ ಅವರ ಎದುರೇ ನಿಂತು ಆ ಸಾಲು ಕೂಗಿದ್ದಾರೆ. ಕವಿತೆ ಅಂದುಕೊಂಡಿದ್ದರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ವಿಚಿತ್ರವಾದ ಚಿತ್ರ ಇದು: ಒಬ್ಬರು ಮೈಕ್ ಹಿಡಿದು ಗುಟ್ಟು ಹೇಳುತ್ತಿದ್ದಾರೆ, ಕೇಳುವವರು ಜೊತೆಗೆ ಹಾಡುತ್ತಿದ್ದಾರೆ, ಯಾರಿಗೂ ಕೇಳಿಸುತ್ತಿಲ್ಲ.

2016ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ಒಂದು ಕಾನೂನು ತಂದಿತು. ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ಏನಿದೆಯೋ ಆ ಶೌಚಾಲಯಕ್ಕೇ ಹೋಗಬೇಕು. ಪ್ರತಿಭಟನೆಯಾಗಿ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಲ್ಲಿನ ಕಾರ್ಯಕ್ರಮ ರದ್ದು ಮಾಡಿದರು. ಗ್ರೇಸ್ ಹೋಗಿಯೇ ಹಾಡಿದರು. ಡರ್ಹಮ್ ನಗರದ ವೇದಿಕೆಯಲ್ಲಿ ತಮ್ಮ ಜನನ ಪ್ರಮಾಣಪತ್ರ ತೆಗೆದು, ಲೈಟರ್ ಹಚ್ಚಿ ಸುಟ್ಟರು. ಆಮೇಲೆ ಗಿಟಾರ್ ಎತ್ತಿಕೊಂಡು ಕಾರ್ಯಕ್ರಮ ಶುರು. ಆ ಕಾನೂನಿನ ಶೌಚಾಲಯದ ಭಾಗವನ್ನು ಮರುವರ್ಷ ತೆಗೆದುಹಾಕಿದರು.

ಗ್ರೇಸ್ ಎದುರಿಗೆ ನಿಂತು ತೋರಿಸಿದರೆ, ಅನೋನಿ ಮರೆಯಾಗಿ ತೋರಿಸಿದರು. ಇವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಗಾಯಕಿ. 2005ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಪಡೆದವರು. 2016ರ ಆಸ್ಕರ್‌ಗೆ ಅವರ ಹಾಡು ನಾಮನಿರ್ದೇಶನವಾಯಿತು. ಸಮಾರಂಭದಲ್ಲಿ ಹಾಡಲು ಮಾತ್ರ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಅದೇ ವರ್ಷದ ಅವರ ಸಂಗೀತ ಪ್ರವಾಸದಲ್ಲಿ ವೇದಿಕೆ ಹೇಗಿತ್ತು ಅಂದರೆ, ಅನೋನಿ ಮುಖಕ್ಕೆ ಪರದೆ ಹಾಕಿಕೊಂಡು, ನಿಲುವಂಗಿ ತೊಟ್ಟು ನಿಂತಿದ್ದಾರೆ. ಹಿಂದೆ ದೊಡ್ಡ ತೆರೆಯ ಮೇಲೆ ಬೇರೆ ಬೇರೆ ಹೆಂಗಸರ ಮುಖ, ಒಂದಾದ ಮೇಲೊಂದು, ಹತ್ತಿರದಿಂದ. ಅವರ ಹಾಡಿಗೆ ಆ ಮುಖಗಳು ತುಟಿ ಆಡಿಸುತ್ತವೆ. ದನಿ ಅನೋನಿಯದು, ಕಣ್ಣೀರು ಇನ್ನಾರದೋ. ಟ್ರಾನ್ಸ್ ಗಾಯಕಿ ಹೇಗೆ ಕಾಣುತ್ತಾಳೋ ನೋಡೋಣ ಎಂದು ಬಂದವರಿಗೆ ನೋಡಲು ಏನೂ ಸಿಗುವುದಿಲ್ಲ. ಕೇಳಲೇಬೇಕು.

ಇಷ್ಟೆಲ್ಲ ಹೇಳಿದರೆ 'ಇದು ಪರದೇಶದ ವ್ಯವಹಾರ' ಅನ್ನಿಸಬಹುದು. ಅನ್ನಿಸದಿರಲಿ ಎಂದೇ ಸವದತ್ತಿಯ ಎಲ್ಲಮ್ಮನನ್ನು ಕೊನೆಗೆ ಇಟ್ಟುಕೊಂಡೆ.

ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಹಾಡು ಅಂದರೆ ಚೌಡಿಕೆ. ಟೊಳ್ಳು ಕೊಳಗದಂಥ ಒಂದು ಪೆಟ್ಟಿಗೆ, ತಳಕ್ಕೆ ಚರ್ಮ. ಚರ್ಮದ ನಡುವಿನಿಂದ ಹೊರಟ ಒಂದೇ ಒಂದು ತಂತಿ ಮೇಲಿನ ಕೋಲಿನ ಗೂಟಕ್ಕೆ ಬಿಗಿದಿರುತ್ತದೆ. ಎಡಗೈ ಕಂಕುಳಲ್ಲಿ ಅವುಚಿಕೊಂಡು ಬಲಗೈಯಲ್ಲಿ ಮೀಟಬೇಕು. ತಂತಿವಾದ್ಯವೋ ಚರ್ಮವಾದ್ಯವೋ ಹೇಳಲಾಗದ ದನಿ. ಡುಂವ್ ಡುಂವ್ ಎಂದು ಎದೆಗೇ ಬಡಿಯುತ್ತದೆ. ಜೊತೆಗೆ ತಾಳ, ಶ್ರುತಿಗೆ ಇನ್ನೊಂದು ತಂತಿ. ರೇಣುಕೆ, ಜಮದಗ್ನಿ, ಪರಶುರಾಮರ ಕಥೆ. ನಡುನಡುವೆ 'ಉಧೋ ಉಧೋ'. ತಲೆಯ ಮೇಲೆ ಕೊಡ ಹೊತ್ತು, ಕೈ ಬಿಟ್ಟು ಕುಣಿಯುತ್ತಾರೆ. ಕೊಡ ಅಲುಗುವುದಿಲ್ಲ.

ಇದನ್ನು ಹಾಡುವವರಲ್ಲಿ ಹೆಂಗಸರೂ ಇದ್ದಾರೆ. ಜೋಗಪ್ಪ ಎಂದೂ ಜೋಗತಿ ಎಂದೂ ಕರೆಸಿಕೊಳ್ಳುವ, ಗಂಡಾಗಿ ಹುಟ್ಟಿ ಹೆಣ್ಣಾದವರೂ ಇದ್ದಾರೆ. ಹೆಸರಲ್ಲೇ ಅಪ್ಪನೂ ಇದ್ದಾನೆ, ಮೈಮೇಲೆ ಸೀರೆಯೂ ಇದೆ. ಅವರ ಮಾತಿನಲ್ಲಿ ಹೇಳುವುದಾದರೆ ತಾವು ಹೆಣ್ಣಾಗಬೇಕೆಂದು ಆರಿಸಿಕೊಂಡಿದ್ದಲ್ಲ, ತಾಯಿ ಮೈಮೇಲೆ ಬಂದಳು, ತನ್ನವರನ್ನಾಗಿ ಮಾಡಿಕೊಂಡಳು. ಮುತ್ತು, ಅಂದರೆ ದೇವಿಗೆ ಮೀಸಲಾದ ಗುರುತಿನ ಮಣಿಸರ, ಕಟ್ಟಿಸಿಕೊಂಡ ಮೇಲೆ ಹಿಂದಿನ ಬದುಕು ಮುಗಿಯಿತು. ಟ್ರಾನ್ಸ್‌ಜೆಂಡರ್ ಎಂಬ ಇಂಗ್ಲಿಷ್ ಪದದೊಳಗೆ ಇದು ಪೂರ್ತಿ ಹಿಡಿಸುವುದಿಲ್ಲ. ಅಲ್ಲಿ 'ನಾನು ಯಾರು' ಎನ್ನುವುದು ಒಳಗಿನಿಂದ ಬರುತ್ತದೆ, ಇಲ್ಲಿ ದೇವಿ ಹೇಳಿದಳು ಎನ್ನುತ್ತಾರೆ. ಎರಡರ ಕೊನೆಯೂ ಒಂದೇ ಮನೆ ಬಾಗಿಲಲ್ಲಿ ಎಂದು ನನ್ನ ಅಂದಾಜು.

ಮಂಜಮ್ಮ ಜೋಗತಿ ಅವರ ಹೆಸರು ಈಗ ಎಲ್ಲರಿಗೂ ಗೊತ್ತು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದರು. ಹಳೆಯ ಹೆಸರು ಇಲ್ಲಿ ಬೇಡ. 1975ರಲ್ಲಿ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಅವರನ್ನು ಜೋಗತಿ ಮಾಡಿದರು. ಸೊಂಟದ ಉಡಿದಾರ ಕತ್ತರಿಸಿದರು, ಲಂಗ ಕುಪ್ಪಸ ತೊಡಿಸಿದರು, ಕೈಗೆ ಬಳೆ ಹಾಕಿದರು. ಮಗ ಹೋದ ಎಂದು ತಾಯಿ ಅತ್ತದ್ದನ್ನು ಮಂಜಮ್ಮನವರೇ ಎಷ್ಟೋ ಸಲ ಹೇಳಿದ್ದಾರೆ. ಮನೆಯಲ್ಲಿ ಇರಲಾಗಲಿಲ್ಲ. ಸಾಯಲು ನೋಡಿದರು. ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು.

ದಾವಣಗೆರೆ ಬಸ್ ನಿಲ್ದಾಣದಲ್ಲಿ ಒಂದು ದಿನ ಅಪ್ಪ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಇಟ್ಟುಕೊಂಡು ಕುಣಿಯುತ್ತಿದ್ದ. ಮಂಜಮ್ಮ ನೋಡುತ್ತ ನಿಂತರು. ಅವರಿಂದಲೇ ಕಲಿತರು. ಮುಂದೆ ಕಾಳವ್ವ ಜೋಗತಿ ಅವರ ತಂಡ ಸೇರಿದರು. ಕಾಳವ್ವ ಗುರು, ಒಂದು ರೀತಿ ತಾಯಿ. ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ಗುಡಿ ಮುಂದಿನ ಹಾಡು ಹೀಗೆ ಮೆಲ್ಲಗೆ ವೇದಿಕೆಗೆ ಬಂತು. ಈ 'ವೇದಿಕೆಗೆ ಬರುವುದು' ಎಷ್ಟು ದೊಡ್ಡ ಹೆಜ್ಜೆ ಅನ್ನುವುದು ಸುಲಭಕ್ಕೆ ಹೊಳೆಯುವುದಿಲ್ಲ. ಗುಡಿ ಮುಂದೆ ಹಾಡಿದಾಗ ಜೋಗತಿಗೆ ಕೈ ಮುಗಿಯುತ್ತಾರೆ, ಆದರೆ ಅದು ಹಾಡಿಗಲ್ಲ, ಎಲ್ಲಮ್ಮನಿಗೆ. ಹಾಡಿಗೆ ಕೊಡುವುದು ಪಡಲಿಗೆ ಬುಟ್ಟಿಯೊಳಗಿನ ಜೋಗ, ಅಂದರೆ ಭಿಕ್ಷೆ. ವೇದಿಕೆಯಲ್ಲಿ ಹಾಡಿದಾಗ ಆಕೆ ಕಲಾವಿದೆ. ಹೆಸರು ಕರೆಯುತ್ತಾರೆ, ಸಂಭಾವನೆ ಕೊಡುತ್ತಾರೆ, ವಿವರ ಕೇಳಿ ಬರೆದುಕೊಳ್ಳುತ್ತಾರೆ. ಹುಣ್ಣಿಮೆಯ ದಿನ ಕಾಲಿಗೆ ಬಿದ್ದ ಊರೇ ಮಾರನೇ ದಿನ ಬಾಡಿಗೆಗೆ ಮನೆ ಕೊಡದೆ ಇರುವುದು ಜೋಗತಿಯರಿಗೆ ಹೊಸದೇನಲ್ಲ. ಕಲಾವಿದೆ ಎಂಬ ಗುರುತು ಸಿಕ್ಕಿದರೆ ಕಡೇಪಕ್ಷ ಮಾತಾಡಲು ಒಂದು ಜಾಗ ಸಿಗುತ್ತದೆ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ. ಮುತ್ತು ಕಟ್ಟುವ ಪದ್ಧತಿಯೇ ದೇವದಾಸಿ ಪದ್ಧತಿಗೂ ದಾರಿಯಾಗಿತ್ತು. ಎಷ್ಟೋ ಬಡ, ದಲಿತ ಹೆಣ್ಣುಮಕ್ಕಳ ಬದುಕು ಅದರಲ್ಲಿ ಹಾಳಾಯಿತು. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ಕಾನೂನು ಮಾಡಿ ನಿಷೇಧಿಸಿತು. ಮಾಡಲೇಬೇಕಿತ್ತು. ಆದರೆ ಜೋಗತಿಯಾಗುವ ದಾರಿಯೂ ಆ ಪದ್ಧತಿಯಲ್ಲೇ ಹೆಣೆದುಕೊಂಡಿದೆ. ಹಾಗಾಗಿ ಹಾಡು ಉಳಿಯಬೇಕು, ಆ ದಾರಿ ಉಳಿಯಬಾರದು ಅನ್ನುವುದು ಹೇಳಿದಷ್ಟು ಸಲೀಸಲ್ಲ. ಚೌಡಿಕೆಯನ್ನು ಯಾರು ಕಲಿಯಬೇಕು, ಮುತ್ತಿಲ್ಲದವರು ಮುಟ್ಟಬಹುದೇ ಎಂಬ ಪ್ರಶ್ನೆ ಹಳಬರಲ್ಲಿ ಇನ್ನೂ ಇದೆ. ಇದಕ್ಕೆ ನನ್ನ ಬಳಿ ಚಂದದ ಉತ್ತರವಿಲ್ಲ.

ಮಂಜಮ್ಮನವರಿಗೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್ ಮಹಿಳೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದಾಗ ನಡೆದದ್ದನ್ನು ವಿಡಿಯೋದಲ್ಲಿ ನೀವೂ ನೋಡಿರಬಹುದು. ಅಲ್ಲಿ ಎಲ್ಲದಕ್ಕೂ ಲೆಕ್ಕವಿದೆ, ಎಷ್ಟು ಹೆಜ್ಜೆ, ಎಲ್ಲಿ ನಿಲ್ಲಬೇಕು. ಮಂಜಮ್ಮ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅವರ ಎದುರು ನಿಂತು, ಸೆರಗು ಹಿಡಿದು ದೃಷ್ಟಿ ತೆಗೆದರು. ಕೋವಿಂದ್ ನಕ್ಕರು, ಸಭೆ ಚಪ್ಪಾಳೆ ತಟ್ಟಿತು. ಹುಬ್ಬಿನ ಪೆನ್ಸಿಲಿನಲ್ಲಿ ಗಡ್ಡ ಬರೆದುಕೊಂಡು ವೇದಿಕೆಗೆ ಹೋದ ಕಾರ್ಲೋಸ್ ನನಗೆ ನೆನಪಾಗಿದ್ದು ಆಗಲೇ. ದೇಶದ ಅತಿ ಗಂಭೀರ ವೇದಿಕೆಗಳಲ್ಲಿ ಒಂದರ ಮೇಲೆ ಮಂಜಮ್ಮ ತಮ್ಮೂರ ಜಾತ್ರೆಯಲ್ಲಿ ಹೇಗಿರುತ್ತಾರೋ ಹಾಗೇ ಇದ್ದರು.

ಕೊನೆಗೆ ಸಣ್ಣಪುಟ್ಟ ವಿಷಯಗಳು. ಕಾರ್ಯಕ್ರಮ ಮಾಡಿಸುವವರಿಗೆ ಇವು ಸಣ್ಣವು, ಹಾಡಲು ಬಂದವರಿಗೆ ಅಲ್ಲ. ಪೋಸ್ಟರ್ ಮೇಲೆ ಯಾವ ಹೆಸರು? ಆಧಾರ್ ಕಾರ್ಡಿನಲ್ಲಿ ಇನ್ನೂ ಹಳೆಯ ಹೆಸರಿದ್ದರೆ ಲಾಡ್ಜಿನವರು ರೂಮು ಕೊಡುತ್ತಾರಾ? ಸೀರೆ ಬದಲಾಯಿಸಲು ಯಾವ ಕೋಣೆ, ಗಂಡಸರದ್ದೋ ಹೆಂಗಸರದ್ದೋ? ಶೌಚಾಲಯ? ಚೆಕ್ ಯಾವ ಹೆಸರಿಗೆ? ಇವನ್ನು ಎರಡು ದಿನ ಮೊದಲು ಒಂದು ಫೋನ್ ಮಾಡಿ ಕೇಳಿದರೆ ಮುಗಿಯಿತು. ಸುಮ್ನೆ ಮುಜುಗರ ಪಟ್ಟುಕೊಂಡು ಕೇಳದೆ ಬಿಡುತ್ತಾರೆ, ಕಾರ್ಯಕ್ರಮದ ದಿನ ಎಲ್ಲರ ಎದುರು ಪೇಚಾಡುತ್ತಾರೆ.

ಕನ್ನಡ ಈ ವಿಷಯದಲ್ಲಿ ನಮಗೆ ಒಂದು ಉಪಕಾರ ಮಾಡಿದೆ. ಇಂಗ್ಲಿಷಿನಲ್ಲಿ ಪರಿಚಯ ಮಾಡುವವರು ಪ್ರತಿ ವಾಕ್ಯಕ್ಕೂ ಗಂಡೋ ಹೆಣ್ಣೋ ತೀರ್ಮಾನಿಸಬೇಕು. ನಮಗೆ 'ಅವರು' ಇದೆ. ಬಂದರು, ಹಾಡಿದರು, ಗೌರವವೂ ಆಯ್ತು, ಗೊಂದಲವೂ ಇಲ್ಲ. ಆದರೂ ಎಡವುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ರಾಜ್ಯೋತ್ಸವಕ್ಕೆ ಹೋಗಿದ್ದೆ. ಜೋಗತಿಯರ ಹಾಡು ಇತ್ತು. ನಿರೂಪಣೆಗೆ ನಿಂತಿದ್ದ ಹುಡುಗ ಚೀಟಿ ನೋಡಿಕೊಂಡು 'ಈಗ ಶ್ರೀ...' ಅಂದ, ಪಕ್ಕಕ್ಕೆ ನೋಡಿದ, 'ಶ್ರೀಮತಿ...' ಅಂದ, ಮತ್ತೆ ನಿಂತ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗನ ಕಿವಿ ಕೆಂಪಾಗಿತ್ತು. ಹಾಡಲು ಬಂದಿದ್ದ ಜೋಗತಿಗೆ ಅರವತ್ತರ ಮೇಲಾಗಿತ್ತು. ಆಗಲೇ ಚಾಪೆ ಮೇಲೆ ಕೂತು, ಚೌಡಿಕೆಯ ಗೂಟ ತಿರುವಿ ತಿರುವಿ ಕಿವಿ ಹತ್ತಿರ ಹಿಡಿದು ಶ್ರುತಿ ಮಾಡಿಕೊಳ್ಳುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ತಮ್ಮಾ, ಅದೆಲ್ಲಾ ಇರ್ಲಿ. ಮೊದ್ಲ ಈ ಮೈಕ್ ಕೆಳಗ ಮಾಡು. ಚೌಡಿಕಿ ದನಿ ಹತ್ತವಲ್ದು."